ಹತ್ತು ದಿನದ ಆಳಸಮುದ್ರ ಟ್ರಿಪ್‌ಗೆ ಬೋಟು ಸಿದ್ಧ ಮಾಡುವುದು ಹೇಗೆ? ಐಸ್ ತುಂಬುವ ಮೊದಲಿನ ಕೆಲಸಗಳು, ಕ್ರಮವಾಗಿ

ಪ್ರತಿ ಆಗಸ್ಟಿನಲ್ಲೂ ಇದೇ ಕತೆ. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧದ 61 ದಿನದ ರಜೆ ಮುಗಿಯುತ್ತದೆ. ಬೋಟುಗಳು ಸಾಲಾಗಿ ಅಳಿವೆ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿ, ದಾಟುತ್ತವೆ. ಮೂರನೇ ದಿನಕ್ಕೆ ಒಂದೆರಡು ಬೋಟು ಇನ್ನೊಬ್ಬರ ಹಗ್ಗಕ್ಕೆ ಕಟ್ಟಿಸಿಕೊಂಡು ವಾಪಸ್ ಬರುತ್ತವೆ. ಏನಾಯ್ತು ಎಂದರೆ ಡೀಸೆಲ್ ಫಿಲ್ಟರ್ ಕಟ್ಟಿತು, ಗ್ಲ್ಯಾಂಡಿನಲ್ಲಿ (ಶಾಫ್ಟ್ ಹೊರಗೆ ಹೋಗುವಲ್ಲಿ ನೀರು ತಡೆಯುವ ಭಾಗ) ನೀರು ಬಂತು, ಕುಡಿಯುವ ನೀರು ಕೆಟ್ಟಿತು, ಹುಡುಗನಿಗೆ ಜ್ವರ ಬಂತು. ಇವೆಲ್ಲ ದಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆ) ಇರುವಾಗಲೇ ಬೋಟಿನಲ್ಲಿ ಕೂತಿದ್ದವು. ಯಾರೂ ನೋಡಿರಲಿಲ್ಲ, ಅಷ್ಟೆ.

ಕೆಲಸ ಎಲ್ಲರಿಗೂ ಗೊತ್ತು, ಕ್ರಮ ತಪ್ಪುತ್ತದೆ. ನಮ್ಮಲ್ಲಿ ಐಸ್ ತುಂಬುವ ದಿನವೇ ಉಳಿದ ಕೆಲಸವನ್ನೂ ತುರುಕುತ್ತಾರೆ. ಐಸ್ ಒಳಗೆ ಬಿದ್ದ ಮೇಲೆ ಇಂಜಿನ್ನಿನಲ್ಲಿ ಏನೋ ಶಬ್ದ ಕೇಳಿದರೂ "ಹೊರಗೆ ಹೋಗಿ ನೋಡುವ" ಎನ್ನುತ್ತಾರೆ. ಕರಗುತ್ತಿರುವುದು ದುಡ್ಡು, ಅಲ್ವಾ? ಹಾಗಾಗಿ ಈ ಬರಹದ ಲೆಕ್ಕ ಇಷ್ಟೇ: ಐಸ್ ಕೊನೆಗೆ, ಉಳಿದದ್ದೆಲ್ಲ ಅದಕ್ಕಿಂತ ಮುಂಚೆ.

ಮಲ್ಪೆ, ಮಂಗಳೂರು, ಗಂಗೊಳ್ಳಿ, ತದಡಿ, ಕಾರವಾರದಿಂದ ಏಳರಿಂದ ಹತ್ತು ದಿನಕ್ಕೆ ಹೋಗುವ, ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಬೋಟು ನಡೆಸುವ ತಾಂಡೇಲ ಸೇರಿ 8 ಜನ ಎಂದಿಟ್ಟುಕೊಳ್ಳಿ. ಹೊರಡುವ ದಿನಕ್ಕಿಂತ ಆರು ದಿನ ಮೊದಲು ಶುರು ಮಾಡಿ.

## ಮೊದಲು ಕೈಯಲ್ಲಿರಬೇಕಾದದ್ದು

ಸ್ಪ್ಯಾನರ್ ಸೆಟ್ ಹೇಗೂ ಇರುತ್ತದೆ. ಇರದೇ ಇರುವುದು ಇವು:

- ಟ್ಯಾಂಕಿನ ತಳ ಮುಟ್ಟುವ ಅಳತೆ ಕೋಲು, ಲೀಟರಿನ ಗುರುತು ಹಾಕಿದ್ದು
- ವೋಲ್ಟ್ ನೋಡುವ ಮೀಟರ್
- ಗ್ಲ್ಯಾಂಡ್ ಪ್ಯಾಕಿಂಗ್ ಹಗ್ಗ, ಅದನ್ನು ತೆಗೆಯುವ ಕೊಕ್ಕೆ
- ಡೀಸೆಲ್ ಫಿಲ್ಟರ್ 6, ಆಯಿಲ್ ಫಿಲ್ಟರ್ 1, ಬೆಲ್ಟ್ ಎರಡು ಜೊತೆ, ನೀರಿನ ಪಂಪಿನ ಇಂಪೆಲ್ಲರ್ (ಒಳಗೆ ತಿರುಗುವ ರಬ್ಬರ್ ರೆಕ್ಕೆ ಚಕ್ರ) 2
- ಎಲ್ಲಾ ಅಳತೆಯ ಹೋಸ್ ತುಂಡು, ಕ್ಲಿಪ್, ಫ್ಯೂಸ್
- ಮರದ ಬೆಣೆ ಹತ್ತು, ಹಳೆ ಬಟ್ಟೆ, ರಬ್ಬರ್ ಹಾಳೆ
- ಒಂದು ನೋಟ್‌ಪುಸ್ತಕ, ಪೆನ್ಸಿಲ್

ಪೆನ್ಸಿಲ್ ಯಾಕೆ? ಒದ್ದೆ ಕೈಯಲ್ಲಿ ಪೆನ್ನು ಬರೆಯುವುದಿಲ್ಲ.

## ಹಂತ 1: ಸ್ಟೋರೇಜ್ ತೆರೆದು ಗಾಳಿ ಆಡಲು ಬಿಡಿ

ಎರಡು ತಿಂಗಳು ಮುಚ್ಚಿದ್ದ ಮೀನಿನ ಸ್ಟೋರೇಜಿಗೆ ಮೊದಲ ದಿನವೇ ಯಾರನ್ನೂ ಇಳಿಸಬೇಡಿ. ತಳದಲ್ಲಿ ಉಳಿದ ಮೀನಿನ ನೀರು ಕೊಳೆತು ವಿಷಗಾಳಿ ಹುಟ್ಟುತ್ತದೆ, ಉಸಿರಿಗೆ ಬೇಕಾದ ಗಾಳಿಯೂ ಕಡಿಮೆಯಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದೇ ಗುರುತು. ಅದಕ್ಕಿಂತ ಕೆಟ್ಟದ್ದು, ಬರುತ್ತಿದ್ದ ವಾಸನೆ ಇದ್ದಕ್ಕಿದ್ದಂತೆ ನಿಂತುಹೋಗುವುದು. ಗಾಳಿ ಶುದ್ಧವಾಯಿತು ಎಂದಲ್ಲ, ವಿಷ ಜಾಸ್ತಿಯಾಗಿ ಮೂಗು ಸತ್ತಿದೆ ಎಂದರ್ಥ.

ಎಲ್ಲಾ ಮುಚ್ಚಳ ತೆಗೆದು ಒಂದು ದಿನ ಬಿಡಿ. ಫ್ಯಾನಿನಿಂದ ಒಳಗೆ ಗಾಳಿ ಹಾಕಿ. ಮೇಲಿಂದಲೇ ನೀರು ಹೊಡೆದು ತೊಳೆದು ಪಂಪ್ ಮಾಡಿ. ಇಳಿಯುವವನ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ನಿಂತಿರಲಿ. ಒಳಗೆ ಒಬ್ಬ ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಹಾರಬಾರದು. ಹಗ್ಗದಿಂದ ಎಳೆಯಬೇಕು. ಇಂಥ ಕಡೆ ಎರಡನೆಯವನು ಸಾಯುವುದು ಹಾಗೆ ಹಾರಿಯೇ.

## ಹಂತ 2: ಡೀಸೆಲ್ ಟ್ಯಾಂಕು ಮತ್ತು ಇಂಜಿನ್

ಅರ್ಧದಾರಿಯಲ್ಲಿ ವಾಪಸ್ ಬರುವ ಬೋಟುಗಳಲ್ಲಿ ನಾನು ಕಂಡ ಹೆಚ್ಚಿನವು ಕೆಟ್ಟದ್ದು ಇಲ್ಲೇ. ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ಅರ್ಧ ಖಾಲಿಯಾದ ಟ್ಯಾಂಕು ಮಳೆಗಾಲದಲ್ಲಿ ಒಳಗೊಳಗೇ ಬೆವರುತ್ತದೆ. ಆ ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಪಾಚಿಯಂಥ ಕಪ್ಪು ಲೋಳೆ ಬೆಳೆಯುತ್ತದೆ. ದಕ್ಕೆಯಲ್ಲಿ ಬೋಟು ಅಲುಗಾಡುವುದಿಲ್ಲ, ಲೋಳೆ ಸುಮ್ನೆ ಮಲಗಿರುತ್ತದೆ. ಹೊಸ ಡೀಸೆಲ್ ತುಂಬಿ ಕಡಲಿಗೆ ಇಳಿದು ಎರಡು ದೊಡ್ಡ ಅಲೆ ಬಡಿದ ಕೂಡಲೇ ಅದೆಲ್ಲ ಎದ್ದು ಪೈಪಿಗೆ ಬರುತ್ತದೆ.

ಒಂದು ಸಲ ನಮಗೆ ಹೀಗೇ ಆಯಿತು. ದಡದಿಂದ ಅರವತ್ತು ಮೈಲು ಆಚೆ, ರಾತ್ರಿ ಎರಡು ಗಂಟೆ. ಇಂಜಿನ್ ಉಸಿರು ಕಟ್ಟಿದ ಹಾಗೆ ಏರಿ ಇಳಿದು ನಿಂತಿತು. ಇದ್ದದ್ದು ಎರಡು ಫಿಲ್ಟರ್. ಮೊದಲನೆಯದು ಒಂದೂವರೆ ಗಂಟೆ ಬಂತು, ಎರಡನೆಯದು ನಲವತ್ತು ನಿಮಿಷ. ಆಮೇಲೆ ಒಬ್ಬ ಟಾರ್ಚ್ ಹಿಡಿದ, ಒಬ್ಬ ಹಳೆ ಲುಂಗಿ ಮಡಚಿ ಹಿಡಿದ, ನಾನು ಕ್ಯಾನಿನಿಂದ ಡೀಸೆಲ್ ಸುರಿದು ಸೋಸಿದೆ. ಲುಂಗಿಯ ಮೇಲೆ ಉಳಿದದ್ದು ಥೇಟ್ ಕಾಡಿಗೆ. ಮೇಲಿನ ಪಟ್ಟಿಯಲ್ಲಿ ಆರು ಫಿಲ್ಟರ್ ಎಂದು ಬರೆದದ್ದು ಆ ರಾತ್ರಿಯ ಲೆಕ್ಕ.

ಮಾಡಬೇಕಾದ ಕ್ರಮ ಹೀಗಿದೆ:

1. ಟ್ಯಾಂಕಿನ ತಳದ ಡ್ರೈನ್ ತೆಗೆದು ಒಳಗಿನದು ಕಾಣುವಂಥ ಬಿಳಿ ಬಾಟಲಿಗೆ ಹಿಡಿಯಿರಿ. ಹದಿನೈದು ನಿಮಿಷ ಬಿಟ್ಟು ನೋಡಿ. ಕೆಳಗೆ ನೀರಿನ ಗೆರೆಯೋ ಕಪ್ಪು ಚೂರೋ ಕಂಡರೆ ಟ್ಯಾಂಕು ಖಾಲಿ ಮಾಡಿ ತೊಳೆಸಿ.
2. ಟ್ಯಾಂಕು ಸ್ವಚ್ಛವಾದ ಮೇಲೆ ಫಿಲ್ಟರ್ ಹಾಕಿ. ಮೊದಲು ಫಿಲ್ಟರ್ ಹಾಕಿ ಆಮೇಲೆ ಟ್ಯಾಂಕು ತೊಳೆಯುವವರೂ ಇದ್ದಾರೆ!
3. ಲೈನಿನ ಗಾಳಿ ಪೂರ್ತಿ ತೆಗೆಯಿರಿ. ಇದನ್ನು ತಾಂಡೇಲನ ಜೊತೆ ಇನ್ನೂ ಇಬ್ಬರು ಕಣ್ಣುಮುಚ್ಚಿ ಮಾಡುವಷ್ಟು ಕಲಿತಿರಬೇಕು.
4. ಇಂಜಿನ್ ಆಯಿಲ್ ಕೋಲು ತೆಗೆದು ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಆಯಿಲ್ ಬದಲಿಸಿದರೆ ಮುಗಿಯುವುದಿಲ್ಲ, ನೀರು ಎಲ್ಲಿಂದ ಬಂತೆಂದು ಹುಡುಕಬೇಕು.
5. ಉಪ್ಪುನೀರು ಒಳಗೆ ಬರುವ ಜಾಲರಿ ಬಿಚ್ಚಿ. ಚಿಪ್ಪು, ಪ್ಲಾಸ್ಟಿಕ್ ಚೂರು ತುಂಬಿರುತ್ತವೆ. ಇಂಪೆಲ್ಲರ್‌ನ ರೆಕ್ಕೆ ಬಗ್ಗಿಸಿ ನೋಡಿ, ಬುಡದಲ್ಲಿ ಬಿರುಕು ಕಂಡರೆ ಬದಲಿಸಿ.
6. ಬ್ಯಾಟರಿ ರಾತ್ರಿಯಿಡೀ ಚಾರ್ಜರ್ ಇಲ್ಲದೆ ಬಿಟ್ಟು ಬೆಳಿಗ್ಗೆ ಅಳೆಯಿರಿ. 12 ವೋಲ್ಟಿನದು 12.6ರ ಆಸುಪಾಸು ಇರಬೇಕು. 12.2ಕ್ಕೆ ಇಳಿದಿದ್ದರೆ ಹತ್ತು ದಿನ ನಂಬಬೇಡಿ.

ಹೊಗೆಯನ್ನೂ ಓದಲು ಕಲಿಯಿರಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಭಾರ ಜಾಸ್ತಿ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮೆಕ್ಯಾನಿಕ್ಕನ್ನು ಕರೆಯದೆ ಹೊರಡಬೇಡಿ.

## ಹಂತ 3: ಗ್ಲ್ಯಾಂಡು, ಬಿಲ್ಜು, ಪಂಪು

ಶಾಫ್ಟ್ ಹೊರಗೆ ಹೋಗುವ ಜಾಗದ ಪ್ಯಾಕಿಂಗ್ ಗ್ಲ್ಯಾಂಡಿನಲ್ಲಿ ಹನಿ ಬೀಳಬೇಕು. ಒಂದು ಹನಿಯೂ ಬೀಳದಷ್ಟು ಬಿಗಿ ಮಾಡುವುದನ್ನು ಹೊಸಬರು ಜಾಣತನ ಎಂದುಕೊಳ್ಳುತ್ತಾರೆ. ಬಿಗಿ ಜಾಸ್ತಿಯಾದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್ ಸವೆಯುತ್ತದೆ, ನಾಲ್ಕನೇ ದಿನಕ್ಕೆ ನೀರು ಧಾರೆಯಾಗಿ ಬರುತ್ತದೆ. ಶಾಫ್ಟ್ ತಿರುಗುವಾಗ ಕೆಲವು ಸೆಕೆಂಡಿಗೊಂದು ಹನಿ ಸರಿ. ಗ್ಲ್ಯಾಂಡಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಡಿಲಿಸಿ. ಮುಟ್ಟುವುದು ಹೊರಮೈ ಮಾತ್ರ. ಲುಂಗಿ, ಉದ್ದ ತೋಳಿನ ಅಂಗಿ ಹಾಕಿಕೊಂಡು ಶಾಫ್ಟಿನ ಹತ್ತಿರ ಹೋಗಬೇಡಿ.

ಬಿಲ್ಜ್, ಅಂದರೆ ಬೋಟಿನ ಒಳತಳದಲ್ಲಿ ನೀರು ಸೇರುವ ಜಾಗ, ಪೂರ್ತಿ ಒಣಗಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಷ್ಟು ನೀರಿದೆಯೋ ಅದೇ ನಿಮ್ಮ ಬೋಟಿನ ಸೋರಿಕೆ. ಬರೆದಿಡಿ. ಆ ನೀರಿನ ಮಟ್ಟಕ್ಕೆ ಪಕ್ಕದಲ್ಲಿ ಬಣ್ಣದಿಂದ ಒಂದು ಗೆರೆ ಎಳೆಯಿರಿ, ಕೊನೆಯ ಹಂತದಲ್ಲಿ ಬೇಕಾಗುತ್ತದೆ. ಕರೆಂಟಿನ ಪಂಪು ಎಷ್ಟೇ ಒಳ್ಳೆಯದಿರಲಿ, ಕೈಪಂಪೂ ಇರಬೇಕು.

## ಹಂತ 4: ವಿಂಚು, ರೋಪು, ಬಲೆ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಲೆಯನ್ನು ನೀವು ಮಗುವಿನ ಹಾಗೆ ನೋಡಿಕೊಳ್ಳುತ್ತೀರಿ. ನೋಡದೇ ಬಿಡುವುದು ವೈರ್ ರೋಪಿನ ಕೊನೆಯ ಸುತ್ತುಗಳನ್ನು. ಡ್ರಮ್ಮಿನಿಂದ ಪೂರ್ತಿ ಬಿಚ್ಚಿ, ದಪ್ಪ ಕೈಗವಸು ಹಾಕಿ ಸವರಿ ನೋಡಿ. ಒಂದೇ ಕಡೆ ನಾಲ್ಕಾರು ಎಳೆ ತುಂಡಾಗಿ ಮುಳ್ಳಿನಂತೆ ಎದ್ದಿದ್ದರೆ ಆ ಭಾಗ ಕತ್ತರಿಸಿ. ಬಲೆ ಎಳೆಯುವ ವಿಂಚಿನ ಬ್ರೇಕಿಗೆ ಗ್ರೀಸ್ ತಾಗಿದ್ದರೆ ಒರೆಸಿ.

## ಹಂತ 5: ಡೀಸೆಲ್ ತುಂಬಿ, ಆಮೇಲೆ ಟ್ರಯಲ್

ಹೆಚ್ಚಿನವರು ಸ್ವಲ್ಪ ಹಳೆ ಡೀಸೆಲ್‌ನಲ್ಲೇ ಟ್ರಯಲ್ ಮುಗಿಸಿ ಕೊನೆಗೆ ತುಂಬುತ್ತಾರೆ. ಉಲ್ಟಾ ಮಾಡಿ. ಡೀಸೆಲ್ ತುಂಬಿಯೇ ಟ್ರಯಲ್ ಹೋಗಿ. ಲೋಳೆ ಏಳುವುದಿದ್ದರೆ ಇಲ್ಲೇ ಏಳಲಿ.

ಲೆಕ್ಕ ಹೀಗೆ. ನಿಮ್ಮ ಇಂಜಿನ್ ಗಂಟೆಗೆ ಸರಾಸರಿ 25 ಲೀಟರ್ ಕುಡಿಯುತ್ತದೆ, ದಿನಕ್ಕೆ 20 ಗಂಟೆ ಓಡುತ್ತದೆ ಎನ್ನಿ. ದಿನಕ್ಕೆ 500, ಹತ್ತು ದಿನಕ್ಕೆ 5,000 ಲೀಟರ್. ಅದರ ಮೇಲೆ ಐದನೇ ಒಂದು ಪಾಲು, ಅಂದರೆ 1,000 ಲೀಟರ್, ಕೈ ಹಾಕದ ಡೀಸೆಲ್. ಒಟ್ಟು 6,000. ಪಕ್ಕದ ಬೋಟಿನವನ ಲೆಕ್ಕ ನಿಮಗೆ ಆಗುವುದಿಲ್ಲ. ಟ್ರಯಲ್‌ಗೆ ಮುಂಚೆ, ಆಮೇಲೆ ಕೋಲು ಇಳಿಸಿ ನಿಮ್ಮದೇ ಅಳತೆ ತೆಗೆಯಿರಿ. ಓಡುವಾಗಿನ ಖರ್ಚು ಬೇರೆ, ಬಲೆ ಎಳೆಯುವಾಗಿನದು ಬೇರೆ.

6,000 ಲೀಟರ್ ಎಂದರೆ ಸುಮಾರು 5 ಟನ್ ಭಾರ. ಎರಡೂ ಬದಿಯ ಟ್ಯಾಂಕು ಸಮವಾಗಿ ತುಂಬಿ. ಆದರೆ ಬಳಸುವಾಗ ಎರಡನ್ನೂ ಒಟ್ಟಿಗೆ ಅರ್ಧ ಮಾಡಿಕೊಂಡರೆ ಒಳಗಿನ ಡೀಸೆಲ್ ಆಚೀಚೆ ಓಡಿ ಬೋಟು ವಾಲುವುದು ಜಾಸ್ತಿಯಾಗುತ್ತದೆ.

ಟ್ರಯಲ್ ಎಂದರೆ ಬಂದರಿನೊಳಗೆ ಒಂದು ಸುತ್ತು ಹೊಡೆಯುವುದಲ್ಲ. ಅಳಿವೆ ದಾಟಿ ಮೂರು ಗಂಟೆ ಓಡಿಸಿ, ಅದರಲ್ಲಿ ಒಂದು ಗಂಟೆ ಬಲೆ ಬಿಟ್ಟು ಎಳೆಯಿರಿ. ಭಾರ ಬಿದ್ದಾಗ ಇಂಜಿನ್ನಿನ ಶಾಖ ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಸ್ಟಿಯರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಹೈಡ್ರಾಲಿಕ್ ಕೈಕೊಟ್ಟರೆ ಹಾಕುವ ಕೈ ಸುಕ್ಕಾಣಿಯನ್ನೂ ಒಮ್ಮೆ ಹಾಕಿ ನೋಡಿ. ಅದು ಕಟ್ಟಿಗೆ ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ವಾಪಸ್ ಬಂದ ಮೇಲೆ ಫಿಲ್ಟರ್ ಬಿಚ್ಚಿ ನೋಡಿ. ಕಪ್ಪಾಗಿದ್ದರೆ ಇನ್ನೊಂದು ಹಾಕಿ ಇನ್ನೊಂದು ಟ್ರಯಲ್.

## ಹಂತ 6: ರೇಡಿಯೋ, ಜೀವರಕ್ಷಣೆ

ವಿಎಚ್‌ಎಫ್ ರೇಡಿಯೋ ಬೋಟಿನಿಂದ ಬೋಟಿಗೆ ಸುಮಾರು 10-15 ನಾಟಿಕಲ್ ಮೈಲು ಮುಟ್ಟುತ್ತದೆ. ಮೊಬೈಲು ಅದಕ್ಕೂ ಮೊದಲೇ ಸಾಯಬಹುದು. ಆದ್ದರಿಂದ ಒಂಟಿಯಾಗಿ ಹೋಗಬೇಡಿ. ಪರಸ್ಪರ ಕೇಳುವಷ್ಟು ದೂರದಲ್ಲಿ ಇನ್ನೆರಡು ಬೋಟು ಇರುವಂತೆ ಮಾತಾಡಿಕೊಂಡು, ದಿನಕ್ಕೆ ಎರಡು ಹೊತ್ತು ಜಾಗ ಹೇಳುವ ಸಮಯ ಗೊತ್ತು ಮಾಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 7 ಜನರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡೆ ಕಡಲ ತಳದಲ್ಲಿ ಸಿಕ್ಕಿದ್ದು ಮರುವರ್ಷದ ಮೇನಲ್ಲಿ. ನಮ್ಮ ಬೋಟು ಕೊನೆಗೆ ಎಲ್ಲಿತ್ತು ಎಂದು ಇನ್ನೊಬ್ಬರ ಪುಸ್ತಕದಲ್ಲೂ ಬರೆದಿರಲಿ.

ಚಾನೆಲ್ 16 ಕರೆಯುವುದಕ್ಕೆ ಮತ್ತು ಅಪಾಯದ ಸುದ್ದಿಗೆ ಮಾತ್ರ. ಅದರಲ್ಲಿ ಬಂಗುಡೆ ರೇಟು ಮಾತಾಡುವವರಿಗೆ ಏನು ಹೇಳುವುದೋ ಗೊತ್ತಿಲ್ಲ. "ಮೇಡೇ" ಮೂರು ಸಲ, ಬೋಟಿನ ಹೆಸರು, ಜಾಗ, ಏನಾಗಿದೆ, ಎಷ್ಟು ಜನ. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ರೇಡಿಯೋ ಪಕ್ಕ ಅಂಟಿಸಿ. ಜೊತೆಗೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಇಸ್ರೋ ರೂಪಿಸಿದ ಡ್ಯಾಟ್ (ಉಪಗ್ರಹದ ಮೂಲಕ ಅಪಾಯದ ಸುದ್ದಿ ಕಳಿಸುವ ಪೆಟ್ಟಿಗೆ) ಇದ್ದರೆ ಅದರ ಬ್ಯಾಟರಿ ನೋಡಿ. ಎಲ್ಲಿದೆ, ಹೇಗೆ ಒತ್ತುವುದು ಎಂದು ಎಂಟೂ ಜನಕ್ಕೆ ತೋರಿಸಿ. ಹಳೆಯದು ಸುದ್ದಿ ಕಳಿಸುತ್ತದೆ, ಉತ್ತರ ತರುವುದಿಲ್ಲ. 2024ರಲ್ಲಿ ಬಂದ ಎರಡನೇ ಪೀಳಿಗೆಯದು ಸುದ್ದಿ ತಲುಪಿತು ಎಂದು ತಿಳಿಸುತ್ತದೆ. ಪರೀಕ್ಷೆ ಮಾಡಲು ಅಪಾಯದ ಗುಂಡಿ ಒತ್ತಬೇಡಿ, ಹುಡುಕಲು ನಿಜವಾಗಿ ಹೊರಟುಬಿಡುತ್ತಾರೆ. ಪರವಾನಗಿ ಇಲ್ಲದ ಸ್ಯಾಟಲೈಟ್ ಫೋನು ಯಾರೇ ಅಗ್ಗಕ್ಕೆ ಕೊಟ್ಟರೂ ಬೇಡ, ಅದು ಅಪರಾಧ.

ಲೈಫ್ ಜಾಕೆಟ್ ಎಂಟು ಜನಕ್ಕೆ ಒಂಬತ್ತು. ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿಟ್ಟ ಜಾಕೆಟ್ಟು ಇಲ್ಲದ್ದಕ್ಕೆ ಸಮ. ಬಿಚ್ಚಿ, ಒಬ್ಬೊಬ್ಬರಿಗೆ ಹಾಕಿಸಿ, ಕೈಗೆ ಸಿಗುವಲ್ಲಿ ತೂಗುಹಾಕಿ. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ದಿಕ್ಸೂಚಿಯ ಪಕ್ಕ ಮೊಬೈಲು, ಸ್ಪೀಕರು, ಕಬ್ಬಿಣದ ಚೂರಿ ಇಟ್ಟಿದ್ದರೆ ತೆಗೆಯಿರಿ.

## ಹಂತ 7: ಜನ ಮತ್ತು ಕಾಗದ

ಈಗ ಬೋಟುಗಳಲ್ಲಿ ಊರಿನವರ ಜೊತೆ ಒಡಿಶಾ, ಜಾರ್ಖಂಡ್, ಆಂಧ್ರ, ತಮಿಳುನಾಡಿನವರೂ ಇರುತ್ತಾರೆ. "ಹಗ್ಗ ಬಿಡು" ಎಂದದ್ದು "ಹಗ್ಗ ಹಿಡಿ" ಎಂದು ಕೇಳಿಸಿದರೆ ಬೆರಳು ಹೋಗುತ್ತದೆ. ನಿಲ್ಲಿಸು, ಬಿಡು, ಎಳೆ, ಹಿಂದೆ ಸರಿ, ಮನುಷ್ಯ ಬಿದ್ದ. ಈ ಐದಕ್ಕೆ ಎಲ್ಲರೂ ಒಂದೇ ಪದ, ಒಂದೇ ಕೈಸನ್ನೆ ಗೊತ್ತು ಮಾಡಿಕೊಳ್ಳಲಿ. ದಕ್ಕೆಯಲ್ಲೇ ಹತ್ತು ನಿಮಿಷ ಅಭ್ಯಾಸ ಮಾಡಿ. ನಗು ಬರುತ್ತದೆ, ಬರಲಿ.

ಹೊರಡುವ ಹಿಂದಿನ ದಿನ ಒಬ್ಬೊಬ್ಬರನ್ನೇ ಕೇಳಿ. ಜ್ವರ, ಹಲ್ಲುನೋವು, ಹೊಟ್ಟೆನೋವು ಇದೆಯಾ? ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಹದಿನೈದು ದಿನದ್ದು ತಂದಿದ್ದಾರಾ? ಪಾಲು ತಪ್ಪುತ್ತದೆ ಎಂದು ಹುಡುಗರು ಜ್ವರ ಮುಚ್ಚಿಡುತ್ತಾರೆ. ಔಷಧಿ ಪೆಟ್ಟಿಗೆಯಲ್ಲಿ ಓಆರ್‌ಎಸ್, ಗಾಯದ ಮುಲಾಮು, ಸುಟ್ಟಗಾಯದ ಮುಲಾಮು, ಬ್ಯಾಂಡೇಜು ಇರಲಿ. ತೊರಕೆ ಮೀನಿನ ಮುಳ್ಳು ಚುಚ್ಚಿದರೆ ಸಹಿಸುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿಡಿ, ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಇನ್ನೊಬ್ಬ ಕೈಯಿಟ್ಟು ನೋಡಬೇಕು. ನೋವಿನಲ್ಲಿ ಇರುವವನಿಗೆ ಸುಡುವುದೂ ಗೊತ್ತಾಗುವುದಿಲ್ಲ.

ಕಾಗದದಲ್ಲಿ ನೋಂದಣಿ, ಮೀನುಗಾರಿಕೆ ಲೈಸೆನ್ಸ್, ವಿಮೆ, ಎಲ್ಲರ ಗುರುತಿನ ಚೀಟಿ, ಹೊರಡುವ ಜನರ ಪಟ್ಟಿ. ಪಟ್ಟಿಯ ಒಂದು ಪ್ರತಿ ದಡದಲ್ಲಿ ಮಾಲೀಕರ ಬಳಿ ಉಳಿಯಬೇಕು. ಕೊನೇ ಗಳಿಗೆಯಲ್ಲಿ ಒಬ್ಬ ಇಳಿದು ಇನ್ನೊಬ್ಬ ಹತ್ತಿದರೆ ಎರಡೂ ಪ್ರತಿ ತಿದ್ದಿ. ಕಡಲಿನ ಮೊದಲ 12 ನಾಟಿಕಲ್ ಮೈಲು ಆಯಾ ರಾಜ್ಯದ ಕಾನೂನಿಗೆ ಸೇರಿದ್ದು. ಗೋವಾ, ಮಹಾರಾಷ್ಟ್ರದ ಎದುರು ಆ ಗೆರೆಯೊಳಗೆ ಬಲೆ ಬಿಟ್ಟು ಬೋಟು ಹಿಡಿಸಿಕೊಳ್ಳುವುದಕ್ಕಿಂತ ಜಿಪಿಎಸ್‌ನಲ್ಲಿ ಗೆರೆ ಹಾಕಿಟ್ಟುಕೊಳ್ಳುವುದು ಸುಲಭ.

## ಹಂತ 8: ಹವೆ ನೋಡಿ ದಿನ ಗೊತ್ತು ಮಾಡಿ

ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಮುನ್ಸೂಚನೆ ಐದು ದಿನದ್ದು. ನಿಮ್ಮ ಟ್ರಿಪ್ ಹತ್ತು ದಿನದ್ದು. ಉಳಿದ ಐದು ದಿನ? ಇದನ್ನೇ ಯಾರೂ ಯೋಚಿಸುವುದಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಒಖಿ ತೂಫಾನು ಎದ್ದಾಗ ಕೇರಳ, ತಮಿಳುನಾಡಿನ ಎಷ್ಟೋ ಬೋಟುಗಳು ಆಗಲೇ ದೂರ ಹೋಗಿದ್ದವು, ಎಚ್ಚರಿಕೆ ಅವರಿಗೆ ಮುಟ್ಟಲಿಲ್ಲ. ದಡದಲ್ಲಿ ಒಬ್ಬರನ್ನು ಈ ಕೆಲಸಕ್ಕೆ ನೇಮಿಸಿ. ಅವರು ದಿನಾ ಮುನ್ಸೂಚನೆ ನೋಡಿ, ಹತ್ತಿರ ಇರುವ ಬೋಟಿನಿಂದ ದೂರದ ಬೋಟಿಗೆ ದಾಟಿಸಲಿ.

ಗಾಳಿ ಗಂಟೆಗೆ 45-55 ಕಿ.ಮೀ. ಎಂದಿದ್ದರೆ ಹೊರಡಬೇಡಿ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಅಲೆಯ ಎತ್ತರ, ಮೀನು ಸಿಗುವ ಜಾಗದ ಮಾಹಿತಿ ಕನ್ನಡದಲ್ಲೂ ಸಿಗುತ್ತದೆ. ಅಕ್ಟೋಬರಿನಿಂದ ಡಿಸೆಂಬರ್ ಮತ್ತು ಮೇ ತಿಂಗಳು ಅರಬ್ಬಿ ಸಮುದ್ರದಲ್ಲಿ ತೂಫಾನಿನ ಕಾಲ, ಆಗ ಇನ್ನೂ ಜಾಗ್ರತೆ.

## ಹಂತ 9: ನೀರು, ಅಕ್ಕಿ, ಗ್ಯಾಸ್

ಕುಡಿಯಲು, ಅಡುಗೆಗೆ, ಮುಖ ತೊಳೆಯಲು ತಲೆಗೆ ದಿನಕ್ಕೆ 10 ಲೀಟರ್. ಎಂಟು ಜನಕ್ಕೆ ಹತ್ತು ದಿನಕ್ಕೆ 800, ಎರಡು ದಿನದ್ದು ಹೆಚ್ಚಿಗೆ ಸೇರಿದರೆ ಸಾವಿರದ ಹತ್ತಿರ. ಎಲ್ಲವನ್ನೂ ಒಂದೇ ಟ್ಯಾಂಕಿಗೆ ತುಂಬಬೇಡಿ. ಟ್ಯಾಂಕಿಗೆ ಉಪ್ಪುನೀರು ಸೇರಿದರೆ ಕತೆ ಮುಗಿಯಿತು. ನೂರು ಲೀಟರ್ ಬೇರೆ ಕ್ಯಾನುಗಳಲ್ಲಿ ಇರಲಿ. ಸೀಮೆಎಣ್ಣೆ, ಥಿನ್ನರ್ ಇದ್ದ ಕ್ಯಾನು ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ, ನಾನು ಎಂಟು ದಿನ ಅಂಥ ಚಹಾ ಕುಡಿದಿದ್ದೇನೆ.

ಕುಚ್ಚಲಕ್ಕಿ ತಲೆಗೆ ದಿನಕ್ಕೆ ಅರ್ಧ ಕಿಲೋ, ಹೆಚ್ಚಿಗೆ ಎರಡು ದಿನದ್ದೂ ಸೇರಿ 50 ಕಿಲೋ ಹಿಡಿಯಿರಿ. ಪದಾರ್ಥಕ್ಕೆ ಮೀನಿದೆ. ಗ್ಯಾಸ್ ಸಿಲಿಂಡರ್ ಮಾತ್ರ ತೆರೆದ ಡೆಕ್ಕಿನಲ್ಲಿ, ಕಟ್ಟಿ ನಿಲ್ಲಿಸಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಇಂಜಿನ್ ಕೋಣೆಗೆ ಇಳಿದು ಕೂತಿರುತ್ತದೆ, ಒಂದು ಕಿಡಿ ಸಾಕು.

## ಹಂತ 10: ಈಗ ಐಸ್

ಹೊರಡುವ ಆರೇಳು ಗಂಟೆ ಮೊದಲು ಶುರು ಮಾಡಿ. ಸ್ಟೋರೇಜನ್ನು ಹಿಂದಿನ ರಾತ್ರಿಯೇ ತೊಳೆದು ಮುಚ್ಚಿಟ್ಟು ತಂಪಾಗಿಸಿ, ಬಿಸಿಲು ಕುಡಿದ ಹಲಗೆ ಮೊದಲ ಟನ್ನನ್ನು ತಿಂದುಹಾಕುತ್ತದೆ. ತಳದ ನೀರು ಇಳಿಯುವ ತೂತು ತೆರೆದಿರಲಿ, ಕರಗಿದ ನೀರಿನಲ್ಲಿ ನಿಂತ ಐಸ್ ಬೇಗ ಹೋಗುತ್ತದೆ. ಐಸಿನ ಬಾರ್ ಒಂದನ್ನು ಒಡೆದು ನಡುಭಾಗ ನೋಡಿ. ಒಳಗೆ ಟೊಳ್ಳಾಗಿ ನೀರು ತುಂಬಿದ್ದರೆ ಪೂರ್ತಿ ಹೆಪ್ಪುಗಟ್ಟುವ ಮೊದಲೇ ಕೊಟ್ಟಿದ್ದಾರೆ, ಬೇರೆ ಕೇಳಿ.

ಅಂದಾಜಿಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್, ದಾರಿಯಲ್ಲಿ ಕರಗುವುದು ಬೇರೆ. ಮೀನು ಹಾಕುವಾಗ ತಳದಲ್ಲಿ ಒಂದು ಗೇಣು, ಬದಿಗೆ ನಾಲ್ಕು ಬೆರಳು ಪುಡಿ ಐಸ್ ಇರಬೇಕು. ಮೀನಿನ ಪದರ ತೆಳ್ಳಗಿರಲಿ.

## ಹಂತ 11: ಅಳಿವೆ ದಾಟುವುದು, ಮೊದಲ ಎರಡು ಗಂಟೆ

ಉಬ್ಬರ ಏರುತ್ತಿರುವಾಗ ಹೊರಡಿ. ಹೂಳಿಗೆ ತಳ ತಾಗಿದರೂ ಏರುವ ನೀರು ಎತ್ತಿಬಿಡುತ್ತದೆ. ಇಳಿತದಲ್ಲಿ ತಾಗಿದರೆ ಮುಂದಿನ ಉಬ್ಬರದವರೆಗೆ ಅಲೆ ಬಡಿಸಿಕೊಂಡು ಕೂರಬೇಕು. ತೆಂಗಿನಕಾಯಿ ಒಡೆಯುವವರು ಅಳಿವೆಗೆ ಬರುವ ಮೊದಲೇ ಒಡೆಯಿರಿ. ದಾಟುವ ಹೊತ್ತಿಗೆ ಎಲ್ಲರ ಕಣ್ಣು ನೀರಿನ ಮೇಲಿರಲಿ, ಮೈಮೇಲೆ ಲೈಫ್ ಜಾಕೆಟ್ ಇರಲಿ.

ಹೊರಗೆ ಬಂದು ಮೊದಲ ಅರ್ಧ ಗಂಟೆಗೆ ಒಮ್ಮೆ, ಆಮೇಲೆ ಒಂದು ಗಂಟೆಗೆ, ಎರಡು ಗಂಟೆಗೆ ಒಬ್ಬ ಟಾರ್ಚ್ ಹಿಡಿದು ಕೆಳಗೆ ಇಳಿಯಬೇಕು. ಗ್ಲ್ಯಾಂಡಿನ ಹನಿ, ಇಂಜಿನ್ನಿನ ಶಾಖ, ಫಿಲ್ಟರ್ ಬಟ್ಟಲಿನಲ್ಲಿ ನೀರು, ಬಿಲ್ಜಿನ ಗೆರೆ. ಈ ನಾಲ್ಕನ್ನು ಟ್ರಯಲ್ ದಿನದ ಬರಹದ ಪಕ್ಕ ಬರೆಯಬೇಕು. ನೀರು ಆ ಬಣ್ಣದ ಗೆರೆ ದಾಟಿದ್ದರೆ ಪಂಪ್ ಹಾಕಿ, ಬೋಟು ತಿರುಗಿಸಿ. ಗಂಟೆಗೆ ಎಂಟು ನಾಟಿಕಲ್ ಮೈಲು ವೇಗದಲ್ಲಿ ಎರಡು ಗಂಟೆ ಎಂದರೆ ದಡ ಇನ್ನೂ ಹದಿನಾರು ಮೈಲು. ರಾತ್ರಿ ಹೊತ್ತಾದರೂ ಪ್ಯಾಕಿಂಗ್ ಹಾಕುವವರು ದಕ್ಕೆಯಲ್ಲಿ ಸಿಗುತ್ತಾರೆ, ಮುಚ್ಚಳ ತೆಗೆಯದಿದ್ದರೆ ಐಸ್ ನಾಳೆಯವರೆಗೂ ಕೂತಿರುತ್ತದೆ.